ಹೆಸರಿರುವ ಪಾತ್ರೆಗೆ ಬೆಲೆ ಕಡಿಮೆ

ತರೀಕೆರೆಯ ವಜೀರ್ ಸಾಬರ ಅಂಗಡಿಗೆ ಬೋರ್ಡಿಲ್ಲ. ಬೋರ್ಡಿನ ಅಗತ್ಯವೂ ಇಲ್ಲ. ಹಳೆ ಸಾಮಾನು ಕೊಳ್ಳುವವರು ಬೋರ್ಡು ಓದಿಕೊಂಡು ಒಳಗೆ ಹೋಗುವುದಿಲ್ಲ. ಹಿಂದೆ ಮುಂದೆ ನೋಡಿ, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸರಕ್ಕನೆ ನುಗ್ಗುತ್ತಾರೆ. ತನುಜಾ ಕೂಡ ಹಾಗೇ ನುಗ್ಗಿದಳು. ಇಂಥ ಅಂಗಡಿ ಕಡೂರಿನಲ್ಲೂ ಇತ್ತು. ಆದರೆ ಅವಳು ಗುಮಾಸ್ತೆಯಾಗಿದ್ದ ಶಾಲೆಯ ಟೀಚರುಗಳು ಕಡೂರಿನ ಯಾವ ಬೀದಿಯಲ್ಲಿ ಯಾವಾಗ ಎದುರಾಗುತ್ತಾರೆ ಎಂದು ಹೇಳುವಂತಿರಲಿಲ್ಲ. ಹಾಗಾಗಿ ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಎರಡು ದೊಡ್ಡ ಚೀಲಗಳನ್ನು ಮಡಚಿ ಬ್ಯಾಗಿಗೆ ತುರುಕಿಕೊಂಡು, ಬಸ್ಸು ಹತ್ತಿ ಇಷ್ಟು ದೂರ ಬಂದಿದ್ದಳು.

ಮರುದಿನ ಭಾನುವಾರ ಅವಳ ಮಗಳು ಭುವನಾ ಬರುವವಳಿದ್ದಳು. ಎಂಟು ವರ್ಷದ ಹುಡುಗಿ. ತನುಜಾ ಗಂಡನ ಮನೆ ಬಿಟ್ಟು ಒಂದೂವರೆ ವರ್ಷವಾಗಿತ್ತು. ಅಷ್ಟೂ ದಿನ ಮಗು ಅಜ್ಜಂಪುರದಲ್ಲಿ ಅಪ್ಪ, ಅಜ್ಜಿಯ ಜೊತೆಗಿತ್ತು. ತನುಜಾ ಕಡೂರಿನ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ, ಒಂದು ಟ್ರಂಕಿನ ಜೊತೆಗಿದ್ದಳು. ವಿಚ್ಛೇದನ ಕೊಟ್ಟದ್ದು ಕೋರ್ಟು. ಮಗುವಿನ ವಿಷಯವನ್ನು ಮಾತ್ರ ಅದಕ್ಕೂ ಮೊದಲೇ ಮಠದ ಜಗಲಿಯ ಮೇಲೆ ಕೂತ ಹಿರಿಯರು ತೀರ್ಮಾನ ಮಾಡಿದ್ದರು. ಹೆಣ್ಣುಮಗು, ತಾಯಿಯ ಹತ್ತಿರವೇ ಇರಲಿ. ಆದರೆ ತಾಯಿಯಾದವಳು ಮೊದಲು ಮನೆ ಅಂತ ಒಂದು ಮಾಡಲಿ. ಅಜ್ಜಿ ಸಾವಿತ್ರಮ್ಮ ಹೋಗಿ ನೋಡಲಿ, ಮನೆ ಅನ್ನಿಸಿದರೆ ಮಗುವನ್ನು ಬಿಟ್ಟು ಬರಲಿ, ಇಲ್ಲವಾದರೆ ವಾಪಸ್ಸು ಕರೆತರಲಿ. ಮನೆ ಎಂದರೆ ಏನೇನಿರಬೇಕು ಎಂದು ಹಿರಿಯರು ಹೇಳಲಿಲ್ಲ. ಅವರವರ ಮನೆಗಳಲ್ಲಿ ಅದನ್ನೆಲ್ಲ ಹೆಂಗಸರು ನೋಡಿಕೊಳ್ಳುತ್ತಿದ್ದರು.

ಅದೇ ಜಗಲಿಯ ಮೇಲೆ ಬೆನಕಪ್ಪನವರು ಎಂಬ ಹಿರಿಯರು ಅವಳನ್ನು ಇನ್ನೊಂದು ಮಾತು ಕೇಳಿದ್ದರು. "ನಿನ್ ತವರಿನ ಪಾತ್ರೆ ಪಡಗ ಏನೈತೋ ನೋಡ್ಕೊಂಡು ತಗೊಂಡ್ಹೋಗವ್ವ. ಅದು ನಿಂದು. ಅದಕ್ಕೆ ಯಾರೂ ಅಡ್ಡ ಬರಂಗಿಲ್ಲ."

"ನಂದೇನೂ ಇಲ್ಲ ಅಲ್ಲಿ" ಎಂದಿದ್ದಳು ತನುಜಾ.

ಯಾಕೆ ಹಾಗೆಂದಳೋ ಅವಳಿಗೇ ಗೊತ್ತಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಆ ದಿನಗಳಲ್ಲಿ ಅವಳಿಗೆ ಮೈಯಿಗೂ ಮನಸ್ಸಿಗೂ ಹಾಗೇ ಆಗಿತ್ತು. ಯಾರು ಏನು ಕೇಳಿದರೂ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು, ಬೇಡ. ಊಟ ಬೇಡ, ಜೀವನಾಂಶ ಬೇಡ, ಪಾತ್ರೆ ಬೇಡ. ಜನ ಅದನ್ನು ಸ್ವಾಭಿಮಾನ ಎಂದುಕೊಂಡರು, ಕೆಲವರು ಕೊಬ್ಬು ಎಂದರು. ಎರಡೂ ಅಲ್ಲ. ಜೋಮು ಬಿಟ್ಟ ಮೇಲೆ ನೋಡೋಣ ಎಂದು ಅವಳು ಕಾದಿದ್ದಳು, ಅದು ಬಿಟ್ಟಿರಲಿಲ್ಲ.

ಈಗ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದಿದ್ದಳು. ಅಡ್ವಾನ್ಸು ಕೊಟ್ಟು, ಗ್ಯಾಸ್ ಒಲೆ ಕೊಂಡು, ಸೆಕೆಂಡ್ ಹ್ಯಾಂಡ್ ಮಂಚ ಹಾಕಿಸುವಷ್ಟರಲ್ಲಿ ಕೈ ಬರಿದಾಗಿತ್ತು. ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಹಾಸ್ಟೆಲಿನಿಂದ ತಂದ ಒಂದು ಲೋಟ, ಒಂದು ತಟ್ಟೆ ಕೂತಿದ್ದವು. ಅದನ್ನು ನೋಡಿದರೆ ಸಾವಿತ್ರಮ್ಮ ಚಪ್ಪಲಿಯನ್ನೂ ಬಿಚ್ಚುವುದಿಲ್ಲ ಎಂದು ತನುಜಾಳಿಗೆ ಗೊತ್ತಿತ್ತು.

ವಜೀರ್ ಸಾಬರ ಅಂಗಡಿ ಉದ್ದಕ್ಕೆ ಬೋಗಿಯ ಹಾಗಿತ್ತು. ಬಾಗಿಲಲ್ಲಿ ಬಟ್ಟೆಯ ಗುಡ್ಡೆ. ಹಳೆ ಬಟ್ಟೆಗೆ ಹೊಸ ಪಾತ್ರೆ ಕೊಡುತ್ತ ಬೀದಿ ಬೀದಿ ತಿರುಗುವ ಹೆಂಗಸರು ತಂದು ಸುರಿದದ್ದು. ನಡುವೆ ಬೀರು, ಟೇಬಲ್ಲು, ಕೈ ಮುರಿದ ಕುರ್ಚಿ, ತೊಟ್ಟಿಲು. ಗೋಡೆಯುದ್ದಕ್ಕೂ ಸ್ಟೀಲು. ಕೊನೆಯಲ್ಲಿ, ಹಿತ್ತಿಲ ಬಾಗಿಲ ಬೆಳಕಿನಲ್ಲಿ, ಸಾಬರ ಹೆಂಡತಿ ಅಖ್ತರ್ ಬೇಗಂ ಮೂಗಿನವರೆಗೂ ದುಪಟ್ಟಾ ಸುತ್ತಿ, ದಪ್ಪ ಗಾಜಿನ ಕನ್ನಡಕ ಹಾಕಿ, ಪಾಲಿಶ್ ಮೋಟಾರಿನ ಮುಂದೆ ಕೂತಿದ್ದರು. ಅವರು ಒತ್ತಿ ಹಿಡಿದ ಕೊಡಪಾನ ಕಿರ್ರೆಂದು ಕಿರುಚುತ್ತಿತ್ತು.

"ಏನ್ ಬೇಕು ತಾಯಿ?" ಎಂದರು ವಜೀರ್ ಸಾಬರು. ಅರವತ್ತು ದಾಟಿದವರು, ಕಿವಿ ಮಂದವೋ ಮೋಟಾರಿನ ಅಭ್ಯಾಸವೋ, ಮಾತೆಲ್ಲ ಕೂಗಿಯೇ ಆಡುವವರು.

"ಅಡುಗೆ ಸಾಮಾನು. ಕಮ್ಮಿದು."

"ಕಮ್ಮಿದು ಬೇಕಂದ್ರೆ ಹೆಸರಿರೋದ್ ನೋಡಿ. ಆ ಮೂಲೇಲವೆ. ಹೆಸರಿರೋ ಪಾತ್ರೆಗೆ ರೇಟ್ ಕಮ್ಮಿ. ಯಾರೂ ಮುಟ್ಟಲ್ಲ."

ಅದು ತನುಜಾಳಿಗೆ ಗೊತ್ತಿಲ್ಲದ್ದೇನಲ್ಲ. ಆ ಸೀಮೆಯಲ್ಲಿ ಪಾತ್ರೆಗೆ ಹೆಸರು ಹಾಕಿಸದೆ ಮದುವೆ ಮಾಡುವುದಿಲ್ಲ. ಮದುವೆಗೆ, ಗೃಹಪ್ರವೇಶಕ್ಕೆ, ಮಠದ ದಾಸೋಹಕ್ಕೆ ಪಾತ್ರೆಗಳು ಮನೆಯಿಂದ ಮನೆಗೆ ಓಡಾಡುತ್ತವೆ, ಹೆಸರಿದ್ದರೆ ಮಾತ್ರ ಹಿಂದಿರುಗುತ್ತವೆ. ಆದರೆ ಕೊಂಡು ತಂದ ಪಾತ್ರೆಯ ಮೇಲೆ ಇನ್ನೊಬ್ಬರ ಹೆಸರಿದ್ದರೆ ಬಂದ ನೆಂಟರು ಅದನ್ನೇ ಓದುತ್ತ ಕೂರುತ್ತಾರೆ. ಕದ್ದದ್ದೋ, ಕೇಳಿ ತಂದದ್ದೋ, ಗುಜರಿಯದೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ತನುಜಾ ಮೂಲೆಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತಳು. ಎರಡು ಕೊಳಗ ಪಕ್ಕಕ್ಕೆ ಸರಿಸಿದಳು, ಒಂದು ಜರಡಿ ಎತ್ತಿಟ್ಟಳು. ಅದರ ಹಿಂದೆ ಒಂದು ದೊಡ್ಡ ಡಬ್ಬಿ ಇತ್ತು.

ಡಬ್ಬಿಯ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆದಿತ್ತು: ಗಂ. ತನುಜಾ, ಸಖರಾಯಪಟ್ಟಣ.

ಅಂಗಡಿಯವರು ಕರೆಂಟಿನ ಪೆನ್ನಿನಿಂದ ಗೀಚುವ ಅಕ್ಷರವಲ್ಲ ಅದು. ಅವಳ ಅಪ್ಪ ಕಂಡಕ್ಟರ್ ಗಂಗಾಧರಯ್ಯ ಮೊಳೆ ಸುತ್ತಿಗೆ ಹಿಡಿದು ಒಂದೊಂದೇ ಚುಕ್ಕಿ ಹೊಡೆದು ಬರೆದದ್ದು. ಮೂವತ್ತು ವರ್ಷ ಟಿಕೆಟ್ಟಿಗೆ ತೂತು ಹೊಡೆದು ಅಭ್ಯಾಸವಾದ ಕೈಯಿಗೆ ರಿಟೈರಾದ ಮೇಲೆ ಬೇರೆ ಕೆಲಸವಿರಲಿಲ್ಲ. ಮಗಳ ಮದುವೆಯ ಒಂದೊಂದು ಪಾತ್ರೆಯನ್ನೂ, ಸೌಟನ್ನೂ ಬಿಡದೆ, ತೊಡೆಯ ಮೇಲಿಟ್ಟುಕೊಂಡು ಬರೆದಿದ್ದರು. ಹೆಸರು ಸಾಲದೆಂದು ಊರು ಬೇರೆ. "ಪಾತ್ರೆ ಕಳೆದ್ರೆ ಬಸ್ ಹತ್ಕೊಂಡು ತಾನೇ ಬತ್ತೈತೆ ಬಿಡೇ" ಎನ್ನುತ್ತಿದ್ದರು. "ನೆಟ್ಟಗಿರೋ ಡಬ್ಬೀಗೆಲ್ಲ ಒಳಗೆ ಗುಳ್ಳೆ ಎಬ್ಬಿಸ್ತೀರಲ್ರೀ" ಎಂದು ಅಮ್ಮ ಬೈಯುತ್ತಿದ್ದಳು. ಮೊದಲು ಅಮ್ಮ ಹೋದಳು, ಮೂರು ವರ್ಷದ ಹಿಂದೆ ಅಪ್ಪ. ಸಖರಾಯಪಟ್ಟಣದ್ದು ಬಾಡಿಗೆ ಮನೆ; ಅವರ ಜೊತೆಗೇ ಖಾಲಿಯಾಯಿತು.

ಡಬ್ಬಿಯ ಪಕ್ಕದಲ್ಲಿ ತಪ್ಪಲೆ ಇತ್ತು. ಎರಡು ತಟ್ಟೆ, ಒಂದು ಸೌಟು. ಎಲ್ಲವೂ ಅವಳವೇ.

ತನುಜಾ ತನಗೆ ಏನಾದರೂ ಅನ್ನಿಸುತ್ತದೆಯೇ ಎಂದು ನೋಡಿಕೊಂಡಳು. ಏನೂ ಅನ್ನಿಸಲಿಲ್ಲ. ತಟ್ಟೆಯ ಅಂಚು ಸವೆದಿದೆ ಎಂದು ಮಾತ್ರ ಕಂಡಿತು.

"ಇವು ಎಲ್ಲೀವು ಸಾಬ್ರೇ?"

"ಅಜ್ಜಂಪುರದ್ದು ತಾಯಿ. ಒಳ್ಳೆ ಮನೇದು. ಮೊದಲ್ನೇ ಸೊಸೆ ಬಿಟ್ಟೋಗವ್ಳಂತೆ. ಮುಂದಿನ ತಿಂಗಳು ಮಗನಿಗೆ ಇನ್ನೊಂದು ಮದುವೆ, ಯಗಟಿ ಕಡೆ ಹೆಣ್ಣು. ಆ ಹೆಣ್ಣಿನೋರು ಬಂದು ಅಡುಗೆಮನೆ ನೋಡಿ, ಎಲ್ಲದ್ರ ಮೇಲೂ ಅವಳ ಹೆಸ್ರೇ ಐತಲ್ಲ, ನಮ್ ಹುಡ್ಗಿ ಇದ್ರಾಗೆ ಅನ್ನ ಮಾಡ್ಬೇಕಾ ಅಂದ್ರಂತೆ. ಹೋದ ವಾರ ಆ ಮನೆ ಯಜಮಾನ್ತಿ ಆಟೋದಾಗ್ ಹಾಕಿ ಕಳಿಸವ್ರೆ. ನಂಗೆ ಗೊತ್ತಿರೋರೇ. ಅವರ ಮನೆ ಬೀರು, ಮಂಚ ಎಲ್ಲಾ ನಾನೇ ತಗೊಂಡಿದ್ದು."

ಗಂಡನಾಗಿದ್ದ ರೇಣುಕಪ್ರಸಾದ್ ಮತ್ತೆ ಮದುವೆಯಾಗುತ್ತಿದ್ದಾನೆ ಎಂಬ ಸುದ್ದಿ ತನುಜಾಳಿಗೆ ಹೀಗೆ, ಜರಡಿ ಕೊಳಗಗಳ ನಡುವೆ ತಿಳಿಯಿತು. ಆಗಲಿ ಅನ್ನಿಸಿತು. ಅದೂ ಬೇರೆ ಯಾರೋ ಅಂದಂತೆ ಕೇಳಿಸಿತು. ಅವಳ ತಲೆಯಲ್ಲಿ ಆಗ ಓಡುತ್ತಿದ್ದದ್ದು ಒಂದೇ: ಈ ಮನುಷ್ಯನಿಗೆ ಅತ್ತೆಯ ಗುರುತಿದೆ. ಇವು ನನ್ನವು ಎಂದು ಬಾಯಿಬಿಟ್ಟರೆ ಇವತ್ತು ಸಂಜೆಯೊಳಗೆ ಅಜ್ಜಂಪುರಕ್ಕೆ ಫೋನು ಹೋಗುತ್ತದೆ. ಬೇಡ ಅಂದವಳು ಗುಜರಿಯಲ್ಲಿ ಹುಡುಕಿ ಕೊಂಡುಕೊಂಡು ಹೋದಳಂತೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ನಾಳೆ ಸಾವಿತ್ರಮ್ಮ ಮನೆ ನೋಡಲು ಬರುವುದಿಲ್ಲ, ಕತೆ ನೋಡಲು ಬರುತ್ತಾರೆ. ಗುಜರಿ ಪಾತ್ರೆಯ ಮನೆಯಲ್ಲಿ ಮೊಮ್ಮಗಳನ್ನು ಬಿಟ್ಟುಹೋಗುತ್ತಾರೆಯೇ?

ಬಿಟ್ಟು ಬೇರೆ ಪಾತ್ರೆ ಕೊಳ್ಳಬಹುದಿತ್ತು. ಆದರೆ ಕೈ ಡಬ್ಬಿಯನ್ನು ಬಿಡಲಿಲ್ಲ. ಹೆಸರನ್ನು ಗೋಡೆಯ ಕಡೆ ತಿರುಗಿಸಿಟ್ಟರಾಯಿತು, ಹತ್ತು ನಿಮಿಷದ ಕಾಫಿಗೆ ಬಂದವರಿಗೆ ಏನು ಕಾಣುತ್ತದೆ ಎಂದು ಲೆಕ್ಕ ಹಾಕಿ ಚೌಕಾಸಿಗೆ ಇಳಿದಳು.

"ಐದೂ ಸೇರಿ ಎಷ್ಟು?"

"ಏಳುನೂರು ಕೊಡಿ."

"ಏಳುನೂರಾ! ಯಾರದೋ ಹೆಸರು ಹೊಡ್ದಿರೋ ಪಾತ್ರೆ. ಊರು ಬೇರೆ ಬರ್ದವ್ರೆ. ನಾಳೆ ನೆಂಟ್ರು ಬಂದು ಇದ್ಯಾರೇ ಇವಳು ಅಂದ್ರೆ ಏನಂತ ಹೇಳ್ಲಿ?"

"ಅದ್ಕೇ ಅಲ್ವಾ ಏಳುನೂರು! ಹೆಸರಿಲ್ದಿದ್ರೆ ಸಾವಿರದ ಮೇಲೆ."

"ಬಿಟ್ಟೋದೋಳ ಹೆಸರು ಅಂತೀರಿ. ಅಂಥಾದ್ದನ್ನ ಯಾರ್ ಮನೆ ತುಂಬಿಸ್ಕೋತಾರೆ ಸಾಬ್ರೇ? ಮಳೆಗಾಲ ಕಳೆದ್ರೂ ಇಲ್ಲೇ ಬಿದ್ದಿರ್ತವೆ. ನಾನೂರು."

ಬಾಯಿ ತಾನೇ ತಾನಾಗಿ ಆಡುತ್ತಿತ್ತು. ಅವಳು ಒಳ್ಳೆಯ ಚೌಕಾಸಿಗಾರ್ತಿ. ಸಂತೆಯಲ್ಲಿ ಅವಳನ್ನು ಮುಂದೆ ಬಿಟ್ಟು ಅತ್ತೆ ಹಿಂದೆ ನಿಲ್ಲುತ್ತಿದ್ದ ಕಾಲವೊಂದಿತ್ತು. ತನ್ನ ಹೆಸರನ್ನು ತಾನೇ ಹೀನಾಯ ಮಾಡಿ ಮಾಡಿ ಬೆಲೆ ಇಳಿಸಿದಳು. ನಾನೂರೈವತ್ತಕ್ಕೆ ಸಾಬರು ಸೋತರು.

"ನಿಮ್ ಬಾಯಿಗೆ ನಾನ್ ಬರಲ್ಲ ತಾಯಿ. ತಗೊಳ್ಳಿ" ಎಂದು ನಕ್ಕು, ಐದನ್ನೂ ಎತ್ತಿಕೊಂಡರು. "ಕಟ್ಟಿಸಿ ಇಟ್ಟಿರ್ತೀನಿ. ಬಟ್ಟೆ ನೋಡೋದಿದ್ರೆ ನೋಡಿ. ಮಕ್ಕಳದ್ದು ಯಾವುದು ತಗೊಂಡ್ರೂ ಅರವತ್ತು."

ತನುಜಾ ಬಟ್ಟೆಯ ಗುಡ್ಡೆಯ ಮುಂದೆ ಕೂತಳು. ಇದು ನಿಧಾನದ ಕೆಲಸ. ಹೊಲಿಗೆ ಬಿಚ್ಚಿದೆಯೇ, ಕಂಕುಳಲ್ಲಿ ಬಣ್ಣ ಹೋಗಿದೆಯೇ, ಜಿಪ್ಪು ಮೇಲೇರುತ್ತದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಭುವನಾ ಈಗ ಎಷ್ಟು ಉದ್ದವಾಗಿದ್ದಾಳೆ? ಯುಗಾದಿಗೆ ನೋಡಿದಾಗ ಎದೆಯ ಹತ್ತಿರ ಬರುತ್ತಿದ್ದಳು. ತನ್ನ ಎದೆಗೆ ಅಂಗೈ ಇಟ್ಟು, ಅಲ್ಲಿಂದ ಅಂದಾಜು ಮಾಡಿ, ಒಂದು ನೀಲಿ ಫ್ರಾಕು ಆರಿಸಿದಳು. ತೋಳಿಗೆ ಬಿಳಿ ಲೇಸು, ಒಂದು ಗುಂಡಿ ಮಾತ್ರ ಇಲ್ಲ. ಒಂದು ಬೆಡ್‌ಶೀಟು, ಬಾಗಿಲಿಗೆ ಪರದೆ. ಹಿಂದೆ ಮೋಟಾರು ಕಿರ್ರೆನ್ನುತ್ತಲೇ ಇತ್ತು. ಬಂದಾಗಲೂ ಕಿರ್ರೆನ್ನುತ್ತಿತ್ತಲ್ಲ, ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ದುಡ್ಡು ಕೊಡಲು ಎದ್ದು ಹೋದಾಗ ಡಬ್ಬಿ, ತಪ್ಪಲೆ, ತಟ್ಟೆಗಳು ಟೇಬಲ್ಲಿನ ಮೇಲೆ ಥಳಥಳ ಹೊಳೆಯುತ್ತಿದ್ದವು. ಹೆಸರಿದ್ದ ಜಾಗದಲ್ಲಿ ಅಂಗೈಯಗಲ ಜಾಸ್ತಿಯೇ ಹೊಳೆಯುತ್ತಿತ್ತು. ಅಖ್ತರ್ ಬೇಗಂ ಕನ್ನಡಕ ಹಣೆಗೇರಿಸಿ, ಸೌಟು ಹಿಡಿದು ಕೂತಿದ್ದರು.

"ಹೆಸರು ತೆಗ್ದುಬಿಟ್ಟೆ ಕಣ್ರೀ" ಎಂದರು ಖುಷಿಯಿಂದ. "ನೆಂಟ್ರು ಕೇಳ್ತಾರೆ ಅಂದ್ರಂತಲ್ಲ, ಇವರು ಹೇಳಿದ್ರು. ಪಾಪ, ಹೊಸ ಮನೆ ಮಾಡ್ತಿರೋಳು ಇನ್ಯಾರದೋ ಹೆಸರು ಇಟ್ಕೊಂಡು ಯಾಕೆ ಉಣ್ಬೇಕು? ಇದಕ್ಕೆ ಕಾಸ್ ಬೇಡ. ಮೊಳೇಲಿ ಹೊಡ್ದಿದ್ದು, ಸುಲಭಕ್ ಹೋಗ್ಲಿಲ್ಲ. ಯಾರೋ ಜೀವ ಬಿಟ್ಟು ಬರ್ದವ್ರೆ. ಸೌಟೊಂದು ಉಳೀತು, ಮಾಡ್ಬಿಡ್ತೀನಿ ನಿಂತ್ಕೊಳ್ಳಿ."

ಸೌಟಿನ ಹಿಡಿಯ ಮೇಲೆ ಜಾಗ ಸಾಲದೆ ಅಪ್ಪ ಊರು ಬಿಟ್ಟು ಬರೀ ಹೆಸರು ಬರೆದಿದ್ದರು. ಮೂರೇ ಅಕ್ಷರ.

ಬೇಡ ಅನ್ನಬೇಕಿತ್ತು. ಒಂದೂವರೆ ವರ್ಷದಿಂದ ಸಿಕ್ಕಿದ್ದಕ್ಕೆಲ್ಲ ಬೇಡ ಅಂದವಳಿಗೆ ಈಗ, ಅನ್ನಲೇಬೇಕಾದ ಕಡೆ, ಆ ಮಾತು ಬಾಯಿಗೆ ಬರಲಿಲ್ಲ. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ನಂದು ಎನ್ನಬೇಕಾಗುತ್ತದೆ. ವಜೀರ್ ಸಾಬರು ಎದುರಿಗೇ ನಿಂತಿದ್ದರು. ತನುಜಾ ಬ್ಯಾಗಿನ ಜಿಪ್ಪು ಎಳೆದು ನೋಟುಗಳನ್ನು ತೆಗೆದಳು. ಮೋಟಾರು ಕಿರ್ರೆಂದಿತು. ಒಂದು ನಿಮಿಷ ಕೂಡ ಹಿಡಿಯಲಿಲ್ಲ.

"ಚೆನ್ನಾಗಾಯ್ತು" ಎಂದಳು.

ಕಡೂರಿಗೆ ವಾಪಸ್ಸು ಹೋಗುವ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಳು ಬಂದರೆ ಬರಲಿ ಎಂದು ಬೀರೂರಿನ ತನಕ ಕಾದಳು. ಬರಲಿಲ್ಲ. ಆಮೇಲೆ ಫ್ರಾಕಿನ ಗುಂಡಿಗೆ ನೀಲಿ ದಾರ ಮನೆಯಲ್ಲಿದೆಯೇ ಎಂದು ಯೋಚಿಸಿದಳು.

ಭಾನುವಾರ ಹನ್ನೊಂದರ ಹೊತ್ತಿಗೆ ಸಾವಿತ್ರಮ್ಮ ಮೊಮ್ಮಗಳ ಕೈಹಿಡಿದು ಬಂದರು. ಇನ್ನೊಂದು ಕೈಯಲ್ಲಿ ಮಗುವಿನ ಬಟ್ಟೆಯ ಚೀಲವಿತ್ತು. ಅದನ್ನು ಒಳಗಿಡದೆ ಹೊಸ್ತಿಲ ಪಕ್ಕದಲ್ಲೇ ಇಟ್ಟರು. ಭುವನಾ ಅಮ್ಮನ ಸೊಂಟ ತಬ್ಬಿ ಮುಖ ಒತ್ತಿ ನಿಂತಳು. ಎದೆಗಿಂತ ಎರಡು ಬೆರಳು ಮೇಲೆ ಬಂದಿದ್ದಳು. ಫ್ರಾಕು ಗಿಡ್ಡವಾಗುತ್ತದೆ ಎಂದುಕೊಂಡಳು ತನುಜಾ.

ಸಾವಿತ್ರಮ್ಮ ಮನೆ ನೋಡಿದರು. ಬಚ್ಚಲಿನ ನಲ್ಲಿ ತಿರುಗಿಸಿ ನೀರು ಬರುವುದನ್ನು ನೋಡಿದರು, ಬಾಗಿಲಿನ ಚಿಲಕವನ್ನು ಎರಡು ಸಲ ಹಾಕಿ ತೆಗೆದರು, ಮಂಚವನ್ನು ಅಲುಗಾಡಿಸಿದರು. ಅಡುಗೆಮನೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ತನುಜಾ ಕಾಫಿಗೆ ನೀರಿಟ್ಟಿದ್ದಳು.

"ಪಾತ್ರೆ ಹೊಸಾವೇನೇ?"

"ಹೂಂ ಅತ್ತೆ."

"ಫಳಫಳ ಅಂತವೆ. ದುಡ್ಡು ಸುಮ್ನೆ ಬರ್ತದಾ? ಹಳೇವು ಇದ್ವಲ್ಲ, ಅವತ್ತು ತಗೊಂಡ್ ಹೋಗು ಅಂದ್ರೆ ದೊಡ್ಡದಾಗಿ ಬೇಡ ಅಂದೆ." ಅಷ್ಟಕ್ಕೆ ನಿಲ್ಲಿಸಿದರು. ಮಗನ ಮದುವೆಯ ಮಾತು ತೆಗೆಯಲಿಲ್ಲ, ಪಾತ್ರೆ ಎಲ್ಲಿಗೆ ಹೋದವು ಎಂದೂ ಹೇಳಲಿಲ್ಲ. ಮಣೆ ಎಳೆದುಕೊಂಡು ಕೂತು, ಕಾಫಿ ಲೋಟ ತೆಗೆದುಕೊಂಡರು. ಚಪ್ಪಲಿ ಬಿಟ್ಟೇ ಬಂದಿದ್ದರು. ತನುಜಾ ಅದನ್ನು ಗಮನಿಸಿದಳು.

ಭುವನಾ ಆ ಹೊತ್ತಿಗೆ ಕಡಪ ಕಲ್ಲಿನ ಮೇಲಿದ್ದ ಡಬ್ಬಿಯನ್ನು ನೆಲಕ್ಕಿಳಿಸಿದ್ದಳು. ಒಳಗೆ ಬೇಕರಿಯಿಂದ ತಂದ ನಿಪ್ಪಟ್ಟು ಇತ್ತು. ಮುಚ್ಚಳ ತೆಗೆದು ಒಂದು ನಿಪ್ಪಟ್ಟು ಬಾಯಿಗಿಟ್ಟುಕೊಂಡಳು. ಆಮೇಲೆ ಮುಚ್ಚಳವನ್ನು ಡಬ್ಬಿಯ ಮೇಲಿಟ್ಟು, ನೇರ ಒತ್ತದೆ, ಗಡಿಯಾರದ ಮುಳ್ಳಿನ ಹಾಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿದಳು. ಮುಚ್ಚಳದ ನೆಗ್ಗು ಡಬ್ಬಿಯ ಬಾಯಿಯ ನೆಗ್ಗಿಗೆ ಬಂದಾಗ ಅಂಗೈಯಿಂದ ಒಂದು ಗುದ್ದು ಕೊಟ್ಟಳು. ಟಕ್ಕೆಂದು ಕೂತಿತು. ಅವಳು ಮೂರು ವರ್ಷದವಳಿದ್ದಾಗ ಜಗಲಿಯಿಂದ ಬೀಳಿಸಿದ ಡಬ್ಬಿ ಅದು; ಅಂದಿನಿಂದ ಅದನ್ನು ಮುಚ್ಚುವ ದಾರಿ ಅದೊಂದೇ.

ಸಾವಿತ್ರಮ್ಮನ ಲೋಟ ತುಟಿಯ ಹತ್ತಿರ ನಿಂತಿತು. ಡಬ್ಬಿ ನೋಡಿದರು, ತಪ್ಪಲೆ ನೋಡಿದರು, ತಟ್ಟೆ ನೋಡಿದರು. ಒಂದೊಂದನ್ನೂ ಹತ್ತು ವರ್ಷ ತೊಳೆದು ಬೋರಲು ಹಾಕಿದ ಕೈ ಅವರದು, ಗುರುತು ಸಿಗದೆ ಇರುತ್ತದೆಯೇ?

"ಅಮ್ಮ, ಇದು ನಮ್ ಡಬ್ಬಿ!" ಎಂದಳು ಭುವನಾ. ಡಬ್ಬಿಯನ್ನು ಒಂದು ಸುತ್ತು ತಿರುಗಿಸಿದಳು. ಇನ್ನೊಂದು ಸುತ್ತು ತಿರುಗಿಸಿದಳು. "ತಾತನ ಚುಕ್ಕಿ ಎಲ್ಲಿ?"

ಶಾಲೆಗೆ ಹೋಗುವ ಮೊದಲೇ ಆ ಚುಕ್ಕಿಗಳ ಮೇಲೆ ಬೆರಳಾಡಿಸಿ ಅವಳು ಅಮ್ಮನ ಹೆಸರು ಕಲಿತಿದ್ದಳು. ಅವಳಿಗೆ ಓದಲು ಬಂದ ಮೊದಲ ಅಕ್ಷರ ತ.

ಸಾವಿತ್ರಮ್ಮ ಲೋಟವನ್ನು ಕೆಳಗಿಟ್ಟರು. "ಬೇಡ ಅಂದೋಳು ನೀನೇ ಕಣೇ" ಎಂದರು. ದನಿಯಲ್ಲಿ ಸಿಟ್ಟಿತ್ತು, ನಾಚಿಕೆಯೂ ಇತ್ತು. "ಬೇಡ ಅಂದಿದ್ದನ್ನ ಎಷ್ಟ್ ದಿನ ಅಂತ ಕಾಯ್ಕೊಂಡ್ ಕೂರ್ಲಿ? ಒಂದ್ ಮಾತು ಹೇಳಿದ್ರೆ ನಾನೇ ತಂದ್ ಹಾಕ್ತಿದ್ದೆ."

"ಹೌದು ಅತ್ತೆ. ನಾನೇ ಅಂದಿದ್ದು."

"ಹೆಸರು ಯಾರು ಉಜ್ಜಿದ್ದು?"

"ನಾನೇ. ಬೇರೆಯವರ ಹೆಸರು ಅಂತ ಹೇಳ್ಬಿಟ್ಟೆ. ತೆಗೆದುಬಿಟ್ರು."

ಅದನ್ನು ಹೇಳುವಾಗಲೂ ಅವಳ ದನಿ ಶಾಲೆಯ ಕೌಂಟರಿನಲ್ಲಿ ಫೀಸಿನ ಕೊನೆಯ ದಿನ ಹೇಳುವಂತೆಯೇ ಇತ್ತು. ಸಾವಿತ್ರಮ್ಮ ಅವಳ ಮುಖವನ್ನು ನೋಡಿದರು. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಭುವನಾಳಿಗೆ ಇವರ ಮಾತಿನ ಮೇಲೆ ಗಮನವಿರಲಿಲ್ಲ. ಮತ್ತೆ ಮುಚ್ಚಳ ತೆಗೆದು, ನಿಪ್ಪಟ್ಟುಗಳನ್ನು ತಟ್ಟೆಗೆ ಸುರಿದು, ಡಬ್ಬಿಯೊಳಗೆ ಮೊಣಕೈಯವರೆಗೂ ಕೈ ಹಾಕಿದಳು. ಕಣ್ಣು ಮುಚ್ಚಿಕೊಂಡು ಏನನ್ನೋ ತಡವಿದಳು.

"ಇಲ್ಲೈತೆ" ಎಂದಳು. "ಅಮ್ಮ, ಒಳಗೈತೆ. ಉಲ್ಟಾ ಐತೆ ಅಷ್ಟೇ. ಕೊಡು ಕೈ."

ತನುಜಾ ಮಂಡಿಯೂರಿ ಕೂತು ಕೈ ಕೊಟ್ಟಳು. ಮಗಳು ಅವಳ ಬೆರಳನ್ನು ಹಿಡಿದು ಡಬ್ಬಿಯ ಒಳಮೈಗೆ ಒತ್ತಿದಳು. ಎಣ್ಣೆಯ ಜಿಡ್ಡಿನ ಕೆಳಗೆ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಮೋಟಾರು ಹೊರಗಿನದನ್ನು ಸವೆಸಿತ್ತು. ಸುತ್ತಿಗೆಯ ಏಟಿಗೆ ಒಳಗೆ ಎದ್ದದ್ದು ಎದ್ದಂತೆಯೇ ಇತ್ತು. ಬಲದಿಂದ ಎಡಕ್ಕೆ ಗಂ. ಆಮೇಲೆ ತ. ಅವಳ ಬೆರಳು ನಿಧಾನವಾಗಿ ಮುಂದೆ ಹೋಯಿತು. ನು ಅಕ್ಷರದ ಹತ್ತಿರ ಅಪ್ಪ ಒಂದು ಚುಕ್ಕಿ ಜಾಸ್ತಿ ಹೊಡೆದಿದ್ದರು. ಅದೂ ಅಲ್ಲಿತ್ತು.

ಆಗ ಅವಳಿಗೆ ನೋವಾಯಿತು. ಜೋಮು ಬಿಡುವಾಗ ಆಗುವಂಥದ್ದೇ, ಆದರೆ ಕಾಲಿಗಲ್ಲ. ಅಪ್ಪ ಸತ್ತದ್ದು, ಗಂಡನ ಜೊತೆ ಬಾಳ್ವೆ ಮುಗಿದದ್ದು, ಮಗಳಿಲ್ಲದೆ ಕಳೆದ ಒಂದೂವರೆ ವರ್ಷ, ಎಲ್ಲವೂ ಒಟ್ಟಿಗೇ ಬಂದವು. ಡಬ್ಬಿಯ ಮೇಲೆ ಹಣೆಯಿಟ್ಟು ತನುಜಾ ಜೋರಾಗಿ ಅತ್ತಳು. ಭುವನಾ ಹೆದರಿ ಅಜ್ಜಿಯ ಕಡೆ ನೋಡಿದಳು.

ಸಾವಿತ್ರಮ್ಮ ಎದ್ದರು. ಹೊರಗೆ ಹೋಗಿ, ಹೊಸ್ತಿಲ ಪಕ್ಕದಲ್ಲಿದ್ದ ಬಟ್ಟೆಯ ಚೀಲವನ್ನು ತಂದು ಮಂಚದ ಮೇಲಿಟ್ಟರು.

"ಅವಳಿಗೆ ಬೇಕರಿದ್ದು ತಿನ್ನಿಸ್ಬೇಡ, ಕೆಮ್ಮು ಬರ್ತದೆ. ಮನೇಲೇ ಏನಾದ್ರೂ ಮಾಡಿ ತುಂಬ್ಸು ಆ ಡಬ್ಬಿಗೆ" ಎಂದರು. ಮೊಮ್ಮಗಳ ತಲೆ ನೇವರಿಸಿ, ಚಪ್ಪಲಿ ಮೆಟ್ಟಿಕೊಂಡು, ಹನ್ನೆರಡರ ಬಸ್ಸಿಗೆ ಹೊರಟರು.

ತನುಜಾ ಬಾಗಿಲವರೆಗೂ ಹೋಗಬೇಕಿತ್ತು. ಹೋಗಲಿಲ್ಲ. ಅವಳ ಕೈ ಇನ್ನೂ ಡಬ್ಬಿಯೊಳಗೇ ಇತ್ತು.